ದೀಪ ಹಚ್ಚುವ ಮೊದಲೇ ಊಟ

ರೀ,

ಇವತ್ತು ಹಲಸೂರಿನ ಆಯುರ್ವೇದ ಪಂಡಿತರ ಹತ್ತಿರ ಹೋಗಿದ್ದೆ. ನನ್ನ ತೂಕ ಇಳಿದಿದೆ. ಅವರಿಗೆ ಖುಷಿಯೋ ಖುಷಿ.

“ಮಂಜುಳಮ್ಮ, ಮಧ್ಯಾಹ್ನ ಹೊಟ್ಟೆ ತುಂಬ ತಿನ್ನಿ, ಕತ್ತಲಾಗೋ ಮುಂಚೆ ಸ್ವಲ್ಪ ತಿಂದು ಮುಗಿಸಿ ಅಂತ ಎಷ್ಟು ವರ್ಷದಿಂದ ಬಡ್ಕೊತಿದ್ದೆ. ಈಗಾದ್ರೂ ಕೇಳಿದ್ರಲ್ಲ,” ಎಂದರು.

ಮಹದೇವಪುರದ ಕೊನೆಯ ಟ್ರಿಪ್ ಮುಗಿಸಿ ನಿಮ್ಮ ಕ್ಯಾಬು ಬೀದಿಗೆ ತಿರುಗುವವರೆಗೆ ನನಗೆ ಅನ್ನ ಇಳಿಯುತ್ತಿರಲಿಲ್ಲವೆಂದು ಅವರಿಗೇನು ಗೊತ್ತು. ನೀವು ತೀರಿಕೊಂಡದ್ದೂ ಗೊತ್ತಿಲ್ಲ. ಈಗ ದೀಪ ಹಚ್ಚುವ ಮೊದಲೇ ಗಂಜಿ ಕುಡಿದು ಪಾತ್ರೆ ತೊಳೆದುಬಿಡುತ್ತೇನೆ.

ಹೊರಡುವಾಗ ಅವರು, “ಯಜಮಾನ್ರಿಗೂ ಹೇಳಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ,” ಎಂದರು.

“ಹೇಳ್ತೀನಿ,” ಎಂದುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ನನಗಾಗಿ ಕಾಯಬೇಡಿ.