ಸೇರು ಒದೆಯುವ ಆಟ

ಪುಣೆ, ಭಾನುವಾರ

ಅತ್ತೆಯವರಿಗೆ ರಂಜನಾಳ ನಮಸ್ಕಾರ.

ಫೋನಿನಲ್ಲಿ ಮಾತು ಹೊರಡಲಿಲ್ಲ, ಅದಕ್ಕೇ ಇವರ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ. ನಮ್ಮ ಪುಟ್ಟ ಆರೋಹಿಯ ಬಲಗಾಲು ಸುಟ್ಟಿದೆ. ವಾಸಿಯಾಗುತ್ತದೆ ಎಂದಿದ್ದಾರೆ ಡಾಕ್ಟರು, ಗಾಬರಿಯಾಗಬೇಡಿ.

ನಿನ್ನೆ ಕಾಸಿದ ಹಾಲನ್ನು ಆರಲೆಂದು ನೆಲದ ಮೇಲಿಟ್ಟಿದ್ದೆ. ಅವಳು ನೆಟ್ಟಗೆ ಬಂದು ಪಾತ್ರೆಯನ್ನು ಒದ್ದಳು. ಒದ್ದು, ಫೋನು ಹುಡುಕುವವಳಂತೆ ನನ್ನ ಕೈ ನೋಡಿ ನಕ್ಕಳು. ಚೀರಿದ್ದು ಆಮೇಲೆ.

ನೀವು ಬಿಬವೇವಾಡಿಯ ಮನೆಯಲ್ಲಿ ಮಾಡಿ ಹಾಕುವ ಅವಳ ವಿಡಿಯೊಗಳನ್ನು ನಾನು ಆಫೀಸಿನಲ್ಲಿ ಸದ್ದಿಲ್ಲದೆ ನೋಡುತ್ತಿದ್ದೆ. ಹಿಟ್ಟು ಚೆಲ್ಲಿದ್ದು, ಸಾರು ಚೆಲ್ಲಿದ್ದು ಎಲ್ಲ ಅವಳ ತುಂಟತನವೆಂದೇ ತಿಳಿದಿದ್ದೆ. ನಿದ್ದೆ ಹತ್ತದೆ ಇವತ್ತು ಮೊದಲ ಸಲ ಸದ್ದು ಹಾಕಿ ಕೇಳಿದೆ. "ಹೊಸಾ ಸೊಸಿ ಬಂದ್ಲು, ಸೇರು ಒದಿ ನನ್ನ ಬಂಗಾರ. ಇನ್ನೂ ಜೋರ್ ಒದಿ, ಮಂದಿ ನಗಬೇಕು." ನಿಮ್ಮದೇ ದನಿ. ಮದುವೆಯಾಗಿ ಬಂದ ದಿನ ಅದೇ ಮನೆಯ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರಿಟ್ಟು ನನಗೆ, "ಮೆಲ್ಲಕ ಒದಿಯವಾ, ಭಾಳ ಚೆಲ್ಲಬಾರದು" ಎಂದಿದ್ದಿರಿ.

ಕಾಲು ಮಾಯ್ದ ಮೇಲೆ ಅವಳನ್ನು ಎಂದಿನಂತೆ ನಿಮ್ಮ ಹತ್ತಿರವೇ ಬಿಡುತ್ತೇನೆ. ನನಗೆ ಬೇರೆ ದಾರಿಯಿಲ್ಲ, ಅವಳಿಗೂ ನೀವೇ ಬೇಕು. ಆದರೆ ಫೋನು ಒಳಗಿಟ್ಟು, ಖಾಲಿ ಸೇರೊಂದನ್ನು ಅವಳ ಮುಂದಿಡಿ. ಒದೆಯದೆ ಸುತ್ತಿಕೊಂಡು ಹೋದಾಗ ನಗಿರಿ. ನಾನು ಹೇಳಿದರೆ ಕೇಳುತ್ತಿಲ್ಲ.

ಪಟ್ಟಿ ಕಟ್ಟಿಸಿಕೊಂಡು ಬರುವಾಗ ರಿಕ್ಷಾದಲ್ಲಿ ಕೇಳಿದಳು: "ಅವ್ವಾ, ಹಾಲಿಂದು ವಿಡಿಯೊ ಚಲೋ ಬಂತೇನ? ಅಜ್ಜಿಗೆ ಕಳಸು."

ನಿಮ್ಮ ಸೊಸೆ,
ರಂಜನಾ