ಟಾವೆಲ್ ಬುಡಕ ಹೇಳಿದ್ದು

ನವೆಂಬರ್ 4, ಮುಂಜಾನಿ 11.30

ಇವತ್ತೂ ಐಸಿಯು ಒಳಗ ಹತ್ತ ನಿಮಿಷ. ಚಪ್ಪಲ್ ಹೊರಗ, ಕೈಗೆ ಆ ತಣ್ಣನ್ ಔಷಧಿ ನೀರು, ಮಾರಿಗೆ ಮಾಸ್ಕ್. ಎತ್ತಿಗೆ ಮುಸ್ಕಿ ಕಟ್ಟಿಧಂಗ. ವಾಚ್‌ಮನ್‌ಗ ಅಂದೆ — "ಬಿಡ್ರಿ ಸಾಹೇಬ್ರ, ಹಾಯೂದಿಲ್ಲ, ಕೊಂಬ ಸವರಸ್ಕೊಂಡ ಬಂದೀನಿ." ನಗಲಿಲ್ಲ. ಐದ ದಿನಾ ಆತು, ಒಮ್ಮೆನೂ ನಕ್ಕಿಲ್ಲ. ನಗಸದ ಬಿಡಾಂವ ಅಲ್ಲ ನಾ.

ದಾಜಿ ಹಂಗ ಬಿದ್ದಾರ. ಬಾಯಾಗ ಒಂದ್ ನಳಗಿ, ಪಕ್ಕ್ಯಾಗ ಒಂದ್ ನಳಗಿ. ಮಷೀನ್ ಉಸಿರ ಹಾಕ್ತೈತಿ. ಕೈ ಎರಡೂ ಪಲ್ಲಂಗಕ್ಕ ಕಟ್ಯಾರ, ನಳಗಿ ಕಿತ್ಕೋತಾರಂತ. ಸಕ್ಕು ಅಕ್ಕನ ಗಂಡ ಅಂತ ದಾಜಿ ಅನ್ನೂದು. ದನದ ಸಂತ್ಯಾಗ ನಾವಿಬ್ರೂ ಇಪ್ಪತ್ತಾರ ವರ್ಷದ ದಲಾಲಿ ಪಾರ್ಟನರ್. ಭೀಮಸಿ-ಮಹಾದೇವ ಅಂದ್ರ ಅಥಣಿ ಕಡೆ ದನಾನೂ ಗುರ್ತ ಹಿಡಿತಾವು.

ಎತ್ತು ಪಿಕಪ್‌ಗೆ ಏರಸೂ ಮುಂದ ಅದು ದಾಜಿನ್ನ ಗಾಡಿ ಫಳಿಗೆ ಒತ್ತಿ ಹಾಕ್ತು. ಮೂರ ಪಕ್ಕಿ ಎಲಬು ಮುರದು ಫುಪ್ಪುಸಕ್ಕ ಚುಚ್ಯಾವು. ಆ ಎತ್ತು "ಸಾಧು ಐತಿ, ಕೂಸ ಐತಿ" ಅಂದಾಂವ ನಾನ... ಇರ್ಲಿ.

ಇವತ್ತ ಹಣಿ ನೋಡ್ದೆ. ಹುಬ್ಬ ಕೂಡ್ಯಾವು. ಹಲ್ಲ ನಳಗಿ ಕಚ್ಯಾವು. ಮೂಕ ಪ್ರಾಣಿ ಬಾಯಿ ಬಿಡೂದಿಲ್ಲ, ನೋವು ಮೂಗಿನ ಹೊಳ್ಳ್ಯಾಗ ಕಾಣ್ತೈತಿ. ಸಣ್ಣ ಡಾಕ್ಟರ್‌ಗ ಹೇಳ್ದೆ. "ಮಲಗೂ ಔಷಧಿ ಕೊಟ್ಟೀವ್ರಿ, ಅವರಿಗೆ ಏನೂ ಗೊತ್ತಾಗೂದಿಲ್ಲ" ಅಂದ್ರು.

"ಸಾಹೇಬ್ರ, ನಮ್ಮ ಎಮ್ಮಿ ಮಲಗೇ ಸತ್ತಿತ್ತು. ಆರಾಮ ಇತ್ತಂತ ಮಲಗಿರ್ಲಿಲ್ಲ."

ಅವರೂ ನಗಲಿಲ್ಲ. ನಾನೂ ನಗಸಾಕ ಹೇಳಿರ್ಲಿಲ್ಲ.

ನವೆಂಬರ್ 5, ಸಂಜಿ

ಎರಡ ತಾಸಿಗೊಮ್ಮೆ ದಾಜಿನ ಮಗ್ಗಲಾ ಹೊಳ್ಳಸ್ತಾರ, ಬೆನ್ನ ಹುಣ್ಣ ಆಗಬಾರದಂತ. ಗ್ಲಾಸಿನ ಹೊರಗ ನಿಂತ ನೋಡ್ದೆ. ದಾಜಿ ಮೈಯೆಲ್ಲ ಬಿಲ್ಲಿನಂಗ ಬಾಗ್ತು. ಮಷೀನ್ ಕೊಂಯ್ ಕೊಂಯ್ ಒದರ್ತು. ಅಕ್ಕ ನನ್ನ ಅಂಗಿ ಜಗ್ಗಿ ಹಿಡದ್ಳು, ಗುಂಡಿ ಹರೀತು.

ನರ್ಸ್ ಸ್ನೇಹಲ ನಿಪ್ಪಾಣಿ ಹುಡಿಗಿ. ಛಲೋ ಐತಿ. "ಕಾಕಾ, ನಾವೂ ನೋಡ್ತೀವ್ರಿ. ಮಾರಿ ಹೆಂಗೈತಿ, ಕೈ ಬಿಗಿ ಐತೇನು, ಮಷೀನ್ ಸಂಗಾಟ ಜಗಳ ಮಾಡ್ತಾರೇನು, ನೋಡಿ ನಂಬರ್ ಬರೀತೀವಿ. ಆದ್ರ ಪೇಶಂಟ್ ತಾನ ಹೇಳಿದ್ದ ಖರೆ ನಂಬರ್. ಒಂದರಿಂದ ಹತ್ತು. ಇವರಿಗೆ ಬಾಯಿ ಇಲ್ಲ, ಕೈ ಕಟ್ಟೈತಿ, ಹೆಂಗ ಹೇಳ್ತಾರ?"

ಮಣಿಕಟ್ಟ ಕಟ್ಯಾರ ತಾಯಿ. ಬೆರಳ ಕಟ್ಟಿಲ್ಲಲ್ಲ!

ದಾಜಿ, ನಾನು, ಇಪ್ಪತ್ತಾರ ವರ್ಷ ಬೆರಳಿಲೇ ಮಾತಾಡೇವಿ. ಆಕಿಗೆ ಗೊತ್ತಿರ್ಲಿಲ್ಲ. ಆಕಿ ಕೈಯಾಗ ಕೈ ಇಟ್ಟು ಹೇಳ್ಕೊಟ್ಟೆ. ಸಂತ್ಯಾಗ ದರಾ ಬಾಯಿಲೆ ಹೇಳೂದಿಲ್ಲ. ಎದುರಿನಾವನ ಒಂದ ಬೆರಳ ಹಿಡದ್ರ ಒಂದು. ಐದೂ ಹಿಡದ್ರ ಐದು. ಐದು ಹಿಡದ ಬಿಟ್ಟು ಮತ್ತ ಮೂರ ಹಿಡದ್ರ ಎಂಟು. ದರಾ ಒಪ್ಪಲಿಲ್ಲಂದ್ರ ಕೈ ಬಿಡೂದು. ಒಪ್ತು ಅಂದ್ರ ಕೈ ಬಿಡೂದಿಲ್ಲ.

"ಅಯ್ಯಾ, ಭಾರಿ ಐತಲ್ರಿ ಕಾಕಾ!"

ನವೆಂಬರ್ 6

ಕೇಳ್ದೆ. ಮಲಗೂ ಔಷಧಿ ಸ್ವಲ್ಪ ಕಡಿಮಿ ಮಾಡಿದ್ರು, ದಾಜಿ ಕಣ್ಣ ತಗದ್ರು. ಕೈಯಾಗ ಕೈ ಇಟ್ಟೆ. "ದಾಜಿ, ನೋವಿನ ದರಾ ಎಷ್ಟು?" ಎರಡ ಬೆರಳ ಹಿಡದ್ರು. ಎರಡು! ಅಕ್ಕ ಆಚಿ ಮಗ್ಗಲಾ ನಿಂತಾಕಿ ಅತ್ತಬಿಟ್ಳು, ಖುಷಿಲೇ. ಸ್ನೇಹಲ ಬರಕೊಂಡ್ಳು. ಸಣ್ಣ ಡಾಕ್ಟರ್ "ನೋಡ್ರಿ, ನಾ ಹೇಳಿದ್ನಿಲ್ಲೋ" ಅಂದ್ರು. ಔಷಧಿ ಇದ್ದಷ್ಟ ಇಟ್ರು.

ಮಧ್ಯಾಹ್ನ ಮಗ್ಗಲಾ ಹೊಳ್ಳಸಿದ್ರು. ದಾಜಿ ಕಣ್ಣಾಗಿಂದ ನೀರ ಕಿವ್ಯಾಗ ಇಳೀತು.

ಎರಡಕ್ಕ ಹಿಂಗ ಅಳ್ತಾರೇನ?

ನವೆಂಬರ್ 8, ಮುಂಜಾನಿ

ಚಾದಂಗಡ್ಯಾಗ ಮಾರಿ ಒರಸ್ಕೊಳ್ಳಾಕ ಹೆಗಲ ಮ್ಯಾಲಿನ ಟಾವೆಲ್ ತಗದೆ. ಅಲ್ಲೇ ನಿಂತೆ. ಚಾ ಚೆಲ್ತು.

ಏ ಹುಚ್ಚ ಮಹಾದ್ಯಾ! ಬಯಲಾಗ ಕೇಳಿದೆಲ್ಲೋ! ಟಾವೆಲ್ ಬುಡಕ ಕೈ ಮುಚ್ಚದ ಯಾವ ದಲಾಲ ಖರೆ ದರಾ ಹೇಳ್ಯಾನ? ಅದೂ ಹೆಂಡ್ತಿ ಕಣ್ಣ ಮುಂದ! ಅಕ್ಕ ಅಂಜಬಾರದಂತ ಎರಡ ಅಂದಾರ. ಇಪ್ಪತ್ತಾರ ವರ್ಷ ಸಂತಿ ಮಾಡಿ ಇಷ್ಟ ತಿಳೀಲಿಲ್ಲ ನನಗ.

ಅದ ದಿನಾ, 12 ಗಂಟೆ

ಟಾವೆಲ್ ತಗೊಂಡ ಹೊಂಟೆ. ಸ್ನೇಹಲ ಬಾಗಲದಾಗ ಅಡ್ಡ. "ಕಾಕಾ, ಅಸಂ ನಾಯ್ ಚಾಲತ್! ಹೊರಗಿನ ಅರಬಿ ಒಳಗ ನಡೆಯೂದಿಲ್ಲ. ರೋಗ ಬರ್ತೈತಿ."

"ನಿಮ್ಮ ಚಾದರ ಕೊಡು ತಾಯಿ. ಹಸರದರ ಕೊಡು, ಬಿಳೇದರ ಕೊಡು. ಕೈ ಮುಚ್ಚಿದ್ರ ಸಾಕು. ಮತ್ತ ಅಕ್ಕನ್ನ ಹೊರಗ ಕಳಸು."

ಆಕಿ ನನ್ನ ಮಾರಿ ನೋಡಿದ್ಳು. ಅಕ್ಕನ ಕೈಯಾಗ ಒಂದ ಚೀಟಿ ಕೊಟ್ಟು ಔಷಧಿ ಅಂಗಡಿಗೆ ಕಳಸಿದ್ಳು. ಹಸರ ಅರಬಿ ನಮ್ಮ ಕೈ ಮ್ಯಾಲ ಹೊಚ್ಚಿದ್ಳು.

ಕೇಳ್ದೆ. ದಾಜಿ ಕಣ್ಣ ಮುಚ್ಚಿದ್ರು, ದೊಡ್ಡ ವ್ಯಾಪಾರಕ್ಕ ಮುಚ್ಚಿಧಂಗ. ಐದೂ ಬೆರಳ ಹಿಡದ್ರು. ಬಿಟ್ರು. ಮತ್ತ ನಾಕ.

ಒಂಬತ್ತು.

ನಂಬಲಿಲ್ಲ. ನಾ ಆರ ಒತ್ತಿದೆ. ಕೈ ಬಿಟ್ರು. ಏಳ. ಬಿಟ್ರು. ಎಂಟ. ಬಿಟ್ರು. ಒಂಬತ್ತ ಒತ್ತಿದೆ.

ಕೈ ಬಿಡಲಿಲ್ಲ.

ಸ್ನೇಹಲ ಪೆನ್ ಹಿಡದ ನಿಂತಾಕಿ ಬರೀಲಾರದ ಅತ್ಕಡೆ ಹೊಳ್ಳಿದ್ಳು.

ನವೆಂಬರ್ 9

ದೊಡ್ಡ ಡಾಕ್ಟರ್‌ಗ ಕಾಯ್ದೆ. ಮೂರ ತಾಸ. ಎದ್ದ ಹೋಗ್ರಿ ಅಂದ್ರು, ಹೋಗಲಿಲ್ಲ. ಅವರೂ ಮೊದಲ ನಂಬಲಿಲ್ಲ. ಬೆರಳ ಲೆಕ್ಕಾ ಹೇಳ್ಕೊಟ್ಟು ಅಂದೆ — "ಸಾಹೇಬ್ರ, ನೀವ ಕೈ ಇಡ್ರಿ. ನಾ ದೂರ ನಿಂದರ್ತೀನಿ."

ಇಟ್ರು. ಹಸರ ಅರಬಿ ಬುಡಕ ಏನೋ ನಡೀತು. ಡಾಕ್ಟರ್ ಮಾರಿ ಬಣ್ಣ ಬದಲಾತು. "ಒಂಬತ್ತ್ರಿ?" ಅಂದೆ. "ಒಂಬತ್ತ" ಅಂದ್ರು.

ಆಮ್ಯಾಲ ಕುಂಡ್ರಿಸಿ ಹೇಳಿದ್ರು. ನೋವಿದ್ರ ಪಕ್ಕಿ ಅಂಜಿ ದಮ್ ಎಳೆಯೂದಿಲ್ಲ. ನೋವಿನ ಔಷಧಿ ಹೆಚ್ಚಾದ್ರೂ ದಮ್ ಎಳೆಯೂದಿಲ್ಲ. ತಾವ ದಮ್ ಎಳದ್ರಷ್ಟ ಮಷೀನ್ ಬಿಡಸಾಕ ಬರ್ತೈತಿ. ಅದಕ್ಕ ಖರೆ ನಂಬರ್ ಬೇಕು, ದಿನಾ.

"ದಿನಾ ತಂದ ಕೊಡ್ತೀನ್ರಿ" ಅಂದೆ.

ಮಲಗೂ ಔಷಧಿ ಇಳಸಿದ್ರು, ನೋವಿನ ಔಷಧಿ ಬ್ಯಾರೆ ಹಾಕಿದ್ರು. ಮಗ್ಗಲಾ ಹೊಳ್ಳಸೂಕಿಂತ ಅರ್ಧಾ ತಾಸ ಮೊದಲ ಕೊಡಾಕ ಬರದ್ರು.

ನವೆಂಬರ್ 10

ಏಳು.

ನವೆಂಬರ್ 11

ಏಳ. ಅಲ್ಲೇ ನಿಂತೈತಿ. ನಾನೂ ಇಲ್ಲೇ ನಿಂತೀನಿ. ನೋಡೂಣು.

ನವೆಂಬರ್ 14

ನಾಕ! ಮಗ್ಗಲಾ ಹೊಳ್ಳಸಿದ್ರು, ಮಷೀನ್ ಸುಮ್ಮಕಿತ್ತು. ವಾಚ್‌ಮನ್‌ಗ ಹೇಳ್ದೆ — "ಮಾರ್ಕೆಟ್ ಬೀಳ್ಲೆಪಾ ದೇವ್ರ ಅಂತ ಬೇಡ್ಕೊಂಡ ದಲಾಲ ಇಡೀ ಮುಲಕದಾಗ ನಾನೊಬ್ಬನ." ನಕ್ಕ! ಹಲ್ಲ ಕಂಡ್ವು. ಎರಡ ಇಲ್ಲ ಅವಗ.

ಅಕ್ಕ ಕೇಳಿದ್ಳು, "ಏನೋ ಅದು, ಅರಬಿ ಹೊಚ್ಕೊಂಡ ಗುಸುಗುಸು?"

"ನಿನ್ನ ಮಾರಾಕತ್ತೀವಿ. ಗಿರಾಕಿ ಇಲ್ಲ."

ಬೆನ್ನಿಗೆ ಗುದ್ದಿದ್ಳು. ಹದಿನೈದ ದಿನದಾಗ ಮೊದಲನೇ ಗುದ್ದು. ಛಲೋ ಅನಸ್ತು.

ನವೆಂಬರ್ 17, ಮಧ್ಯಾಹ್ನ

ಇವತ್ತ ಎರಡ. ಖರೆ ಎರಡ, ಅರಬಿ ಬುಡಕಿನ ಎರಡ. ತಾವ ದಮ್ ಎಳ್ಯಾಕತ್ತಾರ. ನಾಳಿಗೆ ಬಾಯಾಗಿನ ನಳಗಿ ತಗೀತಾರಂತ.

ಕೈ ತಗ್ಯಾಕ ಹೋದೆ. ದಾಜಿ ಬಿಡಲಿಲ್ಲ. ಲೆಕ್ಕ ಒಪ್ಪೇತಲ್ರಿ, ಬಿಡ್ರಿ ಅಂದೆ. ಬಿಡವಲ್ಲರು. ನನ್ನ ಮಾರಿ ನೋಡಾಕತ್ತಾರ. ಆಮ್ಯಾಲ ಒಂದ ಬೆರಳಿಲೇ ನನ್ನ ಅಂಗೈ ಎರಡ ಸಲ ಬಡದ್ರು. ಸಂತ್ಯಾಗ ಅದಕ್ಕ ಅರ್ಥ — ನನ್ನ ದರಾ ಆತು, ನಿಂದ ಹೇಳು.

ನಂದು.

ಎತ್ತಿನ ಮಾತ ಅವರಿಗೂ ನೆಪ್ಪೈತಿ. ಸಾಧು ಐತಿ ಅಂದಿದ್ದು. ಹದಿನೆಂಟ ದಿನಾ ಎಲ್ಲಾರ್ನೂ ನಗಸಾಕ ನೋಡೀನಿ, ನನ್ನ ನೋವ ಯಾರೂ ಕೇಳಿರ್ಲಿಲ್ಲ. ನಾನೂ ಚೇಷ್ಟಿ ಮಾಡಿ ಕೈ ಜಾರಸ್ಕೊಳ್ಳಾಂವ ಇದ್ದೆ. ಆದ್ರ ಅರಬಿ ಬುಡಕ ಸುಳ್ಳ ನಡೆಯೂದಿಲ್ಲ. ಒತ್ತಿದೆ. ಖರೇದ ಒತ್ತಿದೆ. ದಾಜಿ ಕೈ ಬಿಟ್ರು. ಇಷ್ಟ ಅಲ್ಲ, ಇಳಸು ಅಂತ. ಮತ್ತ ಒತ್ತಿದೆ. ಮತ್ತ ಬಿಟ್ರು. ಇಳಸ್ಕೋತ ಇಳಸ್ಕೋತ ಬಂದ್ರು, ಕಡೀಕ ಕೈ ಹಿಡದ ನಿಂತ್ರು, ಅದು ಎಷ್ಟಕ್ಕಂದ್ರ—

ಅಕ್ಕ ಒದರಾಕತ್ತಾಳ — "ಮಹಾದ್ಯಾ! ಏನ್ ಬರಿಯೂದೋ ಅದು? ಬಾ, ರೊಟ್ಟಿ ಆರಾಕತ್ತಾವು, ಜುಣಕಾನೂ ಐತಿ. ಬಾರೋ ಲಗೂನ—"