ನಾನು ಕೆರೆ ನುಂಗಿಲ್ಲ, ಸ್ವಾಮೀ

ಮಾನ್ಯ ಚಿತ್ರೋತ್ಸವಾಧಿಕಾರಿಗಳೇ,

ನನ್ನ ಜನ್ಮದಲ್ಲಿ ಯಾವ ಕೆರೆಯನ್ನೂ ನುಂಗಿದವನಲ್ಲ ನಾನು. ನುಂಗಿದ್ದೇನೆ ಎಂದು ಬಣ್ಣದ ಪುಸ್ತಿಕೆ ಮಾಡಿ ಹಂಚಿದವರು ನೀವು. ಕಳೆದ ವರ್ಷ ತೀರಿಕೊಂಡ ಶಿವಾಜಿನಗರದ ನಿರ್ದೇಶಕಿ ಸಾಲೇಹಾ ಅವರ ಅತ್ಯುತ್ತಮ ಚಿತ್ರಗಳನ್ನು ಹಲಸೂರಿನಲ್ಲಿ ತೋರಿಸುತ್ತಿದ್ದೀರಿ, ಬಹಳ ಸಂತೋಷ. ಆದರೆ ಅವರ 'ಕೆರೆಗೆ ಬೇಲಿ' ಎಂಬ ಕಥಾಚಿತ್ರವನ್ನು ಸಾಕ್ಷ್ಯಚಿತ್ರವೆಂದೂ 'ನಮ್ಮ ಹೊಲದ ಬಾವಿ' ಎಂಬ ಸಾಕ್ಷ್ಯಚಿತ್ರವನ್ನು ಕಾಲ್ಪನಿಕವೆಂದೂ ಹಾಕಿಬಿಟ್ಟಿದ್ದೀರಿ. ಎರಡರಲ್ಲೂ ಇರುವವನು ನಾನೇ.

ಸಾಲೇಹಾ ಕೆಲಸ ಮಾಡುತ್ತಿದ್ದ ರೀತಿ ನಿಮಗೆ ತಿಳಿದಂತಿಲ್ಲ. ಸಾಕ್ಷ್ಯಚಿತ್ರದಲ್ಲಿ ಇದ್ದಂತೆ ತೋರಿಸಿದವರನ್ನೇ ಕರೆದು, ಕಥಾಚಿತ್ರದಲ್ಲಿ ತದ್ವಿರುದ್ಧ ಪಾತ್ರ ಕೊಡುತ್ತಿದ್ದರು. ಫ್ರೇಜರ್ ಟೌನಿನ ಟೈಲರ್ ಶರ್ಫುನ್ನೀಸಾ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಆಕೆಯಿಂದ 'ಅಳತೆ ರವಿಕೆ'ಯಲ್ಲಿ ಒಂದೂ ಮಾತಾಡದ ತಾಯಿಯ ಪಾತ್ರ ಮಾಡಿಸಿದರು. ನನ್ನನ್ನು ಕೇಳಿದರೆ ಅದೇ ಅವರ ಅತ್ಯುತ್ತಮ ಚಿತ್ರ. ಅದನ್ನು ನೀವು ಆರಿಸಿಲ್ಲ. ಆರಿಸಿದ್ದರೆ ಶರ್ಫುನ್ನೀಸಾ ಹುಟ್ಟು ಮೂಗಿ ಎಂದು ಅಚ್ಚಾಗುತ್ತಿತ್ತು, ಬಚಾವಾದಳು.

ನನಗಂತೂ ಸಾಲೇಹಾ ನೇರವಾಗಿಯೇ ಹೇಳಿದ್ದರು: "ಅಣ್ಣಾ, ಬಾವಿ ಪಿಕ್ಚರ್ ಆದ್ಮೇಲೆ ನಿಮ್ಗೆ ಸ್ವಲ್ಪ ಜಂಬ ಬಂದ್ಬಿಟ್ಟಿದೆ. ಈಗ ಕೆಟ್ಟೋರಾಗಿ ತೋರ್ಸಿ, ನೋಡೋಣ." ಹಾಗೆ ನಾನು ಕೆರೆ ನುಂಗಿ ಪಶ್ಚಾತ್ತಾಪಪಡುವ ಗೌಡನಾದೆ. ನಿಮ್ಮ ಪುಸ್ತಿಕೆ ಅದಕ್ಕೆ ಕೊಟ್ಟ ವಿವರಣೆ: "ಭೂಗಳ್ಳನೊಬ್ಬ ಸ್ವತಃ ತಪ್ಪೊಪ್ಪಿಕೊಳ್ಳುವ ಅಪರೂಪದ ದಾಖಲೆ." ಆಹಾ! ಮೂವತ್ತು ವರ್ಷ ನಾಟಕ ಆಡಿದವರಿಗೂ ಇಂಥ ಹೊಗಳಿಕೆ ಸಿಕ್ಕಿರಲಾರದು.

ಗರುಡಾಚಾರ್‌ಪಾಳ್ಯದಲ್ಲಿ ಈಗ ನಾನು ಹಾಲು ತರಲು ಹೋದರೂ ಜನ ಮಾತು ನಿಲ್ಲಿಸುತ್ತಾರೆ. ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಸರ್, ಅದ್ರಲ್ಲಿ ಇರೋದು ನಿಮ್ಮ ಮುಖಾನೇ ಅಲ್ವಾ?" ಎಂದರು ನಿಮ್ಮ ಸಿಬ್ಬಂದಿ.

"ಹೌದಪ್ಪಾ, ಆದ್ರೆ ಅದು ಆಕ್ಟಿಂಗು!"

"ಹಂಗಂತ ಡೈರೆಕ್ಟರ್ ಮೇಡಂ ಕೈಲಿ ಒಂದು ಲೆಟರ್ ಬರೆಸ್ಕೊಂಡು ಬನ್ನಿ ಸರ್."

ಅದೇ ಮೇಡಂ ಸ್ಮರಣಾರ್ಥ ಉತ್ಸವ ನಡೆಸುತ್ತಿರುವ ಕಚೇರಿಯ ಮಾತಿದು! ಲೆಟರ್ ಬರೆಸಲು ನಾನು ಯಾವ ಬಸ್ಸು ಹತ್ತಬೇಕು, ತಾವೇ ಹೇಳಿ.

ಇಷ್ಟನ್ನೂ ನಕ್ಕು ಮರೆಯುತ್ತಿದ್ದೆ. ಆದರೆ ಮೊನ್ನೆ ನಿಮ್ಮಲ್ಲಿ 'ಕೆರೆಗೆ ಬೇಲಿ' ನೋಡಿ ಬಂದ ಮೊಮ್ಮಗಳು ಭವ್ಯ ಊಟಕ್ಕೆ ಕೂತಾಗ ಕೇಳಿದಳು: "ತಾತಾ, ಬೇಜಾರ್ ಮಾಡ್ಕೋಬೇಡಿ. ಆ ಕೆರೆ ಎಲ್ಲಿತ್ತು?"

"ಅದು ನಟನೆ ಕಣಮ್ಮಾ."

"ನಟನೆ ಮಾಡೋರು ಹಂಗೆ ಅಳಲ್ಲ ತಾತಾ."

ಅವಳು ಹೇಳಿದ್ದೂ ಸರಿಯೇ. ಆ ಅಳು ನಿಜ. ಆ ಕೆರೆ ಚಿತ್ರದ ಚಿತ್ರೀಕರಣಕ್ಕೆ ಒಂದು ತಿಂಗಳ ಮೊದಲಷ್ಟೇ ನನ್ನ ಹೆಂಡತಿ ಅಕ್ಕಯಮ್ಮ ತೀರಿಹೋಗಿದ್ದಳು. ಇದನ್ನು ಹೇಳಲು ಹೋದರೆ ಭವ್ಯ ಪುಸ್ತಿಕೆಯಲ್ಲಿ ಬಾವಿ ಚಿತ್ರದ ವಿವರಣೆಯಿರುವ ಮುಂದಿನ ಪುಟ ತೆಗೆದು ತೋರಿಸಿದಳು. ನೀರಿಲ್ಲದ ಬೇಸಿಗೆಯಲ್ಲಿ ಸುತ್ತಲಿನ ಬಾಡಿಗೆ ಮನೆಯವರಿಗೆಲ್ಲ ನಮ್ಮ ಬಾವಿ ಬಿಟ್ಟುಕೊಟ್ಟವಳು ಅಕ್ಕಯಮ್ಮ. ನಾನು ಬೇಡವೆಂದು ಕೂಗಾಡಿದ್ದೆ, "ನೀನು ಸುಮ್ನೆ ಕೂತ್ಕೊ" ಎಂದಿದ್ದಳು. ಅದೆಲ್ಲ ಸಾಲೇಹಾ ಚಿತ್ರದಲ್ಲಿದೆ. ನೀವು ಬರೆಸಿದ್ದೀರಿ: "ಕಾಲ್ಪನಿಕ. ಅಕ್ಕಯಮ್ಮನ ಆದರ್ಶ ಪಾತ್ರ ವಾಸ್ತವಕ್ಕೆ ದೂರ."

ಭವ್ಯ ಹುಟ್ಟುವ ಮೊದಲೇ ಹೋದವಳು ಅಕ್ಕಯಮ್ಮ. ಅಜ್ಜಿ ನಡೆದಾಡುವುದನ್ನು, ಬೈಯುವುದನ್ನು ಈ ಹುಡುಗಿ ನೋಡಲು ಉಳಿದಿರುವುದು ಅದೊಂದೇ ಚಿತ್ರ. ಭಾನುವಾರ ಅದರ ಪ್ರದರ್ಶನವಿದೆ, ನಾವಿಬ್ಬರೂ ಬರುತ್ತೇವೆ. ಚಿತ್ರ ಶುರುವಾಗುವ ಮೊದಲು ತಾವು ವೇದಿಕೆಗೆ ಬಂದು ತಪ್ಪು ತಿದ್ದಬೇಕು. ನನ್ನ ವಿಷಯ ಬಿಟ್ಟರೂ ಸರಿ, ಕೆರೆಗಳ್ಳನಾಗಿಯೇ ಇರುತ್ತೇನೆ. ಅಕ್ಕಯಮ್ಮ ಎಂಬವಳೊಬ್ಬಳು ಇದ್ದಳು ಎಂದಷ್ಟು ಮೈಕಿನಲ್ಲಿ ಹೇಳಿ.

ಇಂತಿ,
ತಮ್ಮ ಪುಸ್ತಿಕೆಯ ಪ್ರಕಾರ ಇಲ್ಲದ ಹೆಂಗಸಿನ ಜೊತೆ ಸಂಸಾರ ಮಾಡಿದ
ದೊಡ್ಡಮುನಿಯಪ್ಪ
ಗರುಡಾಚಾರ್‌ಪಾಳ್ಯ